ಪುಸ್ತಕದ ಹೆಸರು ಹೇಳಿದರೆ ಸಾಲದು

ಕಾಸರಗೋಡಿನ ಕಡೆ ಕನ್ನಡ ಪುಸ್ತಕವೊಂದು ಓದುಗರ ಕೈ ಸೇರುವುದು ಹೆಚ್ಚಾಗಿ ಇನ್ನೊಬ್ಬ ಓದುಗರ ಮಾತಿನ ಮೂಲಕ. ಬೆಂಗಳೂರು, ಮೈಸೂರುಗಳಲ್ಲಿ ಇರುವವರು ಸಂಜೆ ಪುಸ್ತಕದಂಗಡಿಗೆ ಹೋಗಿ, ಕಪಾಟುಗಳ ಮುಂದೆ ಅರ್ಧ ಗಂಟೆ ನಿಂತು, ಬೆನ್ನುಡಿ ಓದಿ, ನಡುವಿನ ಎರಡು ಪುಟ ತಿರುವಿ, ತಮಗೆ ಬೇಕಾದುದನ್ನು ಆರಿಸಿಕೊಂಡು ಬರಬಹುದು. ಬದಿಯಡ್ಕ, ಮುಳ್ಳೇರಿಯ, ಪೆರ್ಲದಂಥ ಪೇಟೆಗಳಲ್ಲಿ ನೋಟ್ ಪುಸ್ತಕ, ಪಂಚಾಂಗ, ಶಾಲಾ ಮಕ್ಕಳ ಗೈಡುಗಳು ಸಿಗುವಷ್ಟು ಸುಲಭವಾಗಿ ಹೊಸ ಕಾದಂಬರಿಯೊಂದು ಸಿಗುವುದಿಲ್ಲ. ಅದಕ್ಕಾಗಿ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು. ತರಿಸಬೇಕಾದರೆ ಮೊದಲು ಆ ಪುಸ್ತಕ ಇದೆ ಎಂಬುದೇ ತಿಳಿದಿರಬೇಕು. ಕಣ್ಣಿಗೆ ಬೀಳದ ಪುಸ್ತಕ ಕಿವಿಗೆ ಬಿದ್ದರೆ ಮಾತ್ರ ಮನೆಗೆ ಬರುತ್ತದೆ. ಆದ್ದರಿಂದ ‘ನಾನೀಗ ಇದನ್ನು ಓದುತ್ತಿದ್ದೇನೆ’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತಿಗೆ ನಮ್ಮ ಕಡೆ ಬಹಳ ಬೆಲೆಯಿದೆ, ಮತ್ತು ಆ ಮಾತನ್ನು ಹೇಗೆ ಹೇಳಬೇಕು ಎಂಬುದರ ಬಗ್ಗೆ ಯೋಚಿಸುವ ಹೊಣೆಯೂ ನಮ್ಮ ಮೇಲಿದೆ ಎಂದು ನಾನು ನಂಬಿದ್ದೇನೆ.

ಕುಂಬಳೆಯಿಂದ ಮುಳ್ಳೇರಿಯದವರೆಗೆ ಚದುರಿಕೊಂಡಿರುವ ನಾವು ಕೆಲವು ಓದುಗರು ಭಾನುವಾರಗಳಲ್ಲಿ ವಾಟ್ಸಾಪ್ ಮೂಲಕ ನಮ್ಮ ನಮ್ಮ ಓದಿನ ವಿಷಯ ಹಂಚಿಕೊಳ್ಳುತ್ತೇವೆ. ನಿವೃತ್ತರಾದ ಒಬ್ಬ ಮಾಷ್ಟ್ರು, ಅಡಿಕೆ ಕೃಷಿಕರಿಬ್ಬರು, ಕಾಞಂಗಾಡಿನ ಆಸ್ಪತ್ರೆಯಲ್ಲಿ ದಾದಿಯಾಗಿರುವ ಒಬ್ಬ ಅಕ್ಕ, ಗಲ್ಫಿನಲ್ಲಿ ದುಡಿಯುವ ಒಬ್ಬರು, ಕನ್ನಡ ಎಂ.ಎ. ಓದುತ್ತಿರುವ ಒಬ್ಬಳು ಹುಡುಗಿ, ಹೀಗೆ ಬೇರೆ ಬೇರೆ ಬದುಕಿನವರು ಇದ್ದಾರೆ. ಇಲ್ಲಿ ಒಂದು ಪದ್ಧತಿ ತಾನಾಗಿ ಬೆಳೆದು ಬಂದಿದೆ. ಪುಸ್ತಕದ ಹೆಸರಿನ ಜೊತೆಗೆ ಎಷ್ಟನೆಯ ಪುಟದಲ್ಲಿದ್ದೇವೆ, ಅದನ್ನು ಮುಂದೆ ಯಾರಿಗೆ ಕೊಡಬೇಕೆಂದು ಅನ್ನಿಸುತ್ತದೆ ಎಂಬ ಎರಡು ಸಂಗತಿಗಳನ್ನೂ ಹೇಳಬೇಕು. ಈ ಎರಡು ಸಂಗತಿಗಳಿಂದಾಗಿ ನಮ್ಮ ಶಿಫಾರಸುಗಳ ಗುಣವೇ ಬದಲಾಯಿತು.

‘ಓದಲೇಬೇಕಾದ ಪುಸ್ತಕಗಳು’ ಎಂಬ ತಲೆಬರಹದ ಪಟ್ಟಿಗಳು ಎಲ್ಲೆಲ್ಲೂ ಸಿಗುತ್ತವೆ. ಅವುಗಳಲ್ಲಿರುವ ಪುಸ್ತಕಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಹೆಚ್ಚಿನವು ದೊಡ್ಡ ಪುಸ್ತಕಗಳೇ. ಆದರೆ ಆ ಪಟ್ಟಿ ಎದುರಿಗಿರುವ ಓದುಗರ ಮುಖ ನೋಡಿ ಮಾಡಿದ್ದಲ್ಲ. ಎರಡು ವರ್ಷಗಳಿಂದ ಒಂದು ಪುಸ್ತಕವನ್ನೂ ಮುಗಿಸಲಾಗದೆ ಕೊರಗುತ್ತಿರುವವರಿಗೂ, ವಾರಕ್ಕೊಂದು ಕಾದಂಬರಿ ಓದಿ ಮುಗಿಸುವವರಿಗೂ ಅದು ಒಂದೇ ಮಾತನ್ನು ಹೇಳುತ್ತದೆ. ಮೊದಲನೆಯವರು ಪಟ್ಟಿಯ ತುದಿಯಲ್ಲಿರುವ ಐನೂರು ಪುಟಗಳ ಗ್ರಂಥವನ್ನು ಹಣ ಕೊಟ್ಟು ತರಿಸಿಕೊಂಡು, ಮೂವತ್ತನೆಯ ಪುಟದಲ್ಲಿ ಸೋತು, ತಮಗೆ ಓದುವ ಯೋಗ್ಯತೆಯೇ ಇಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಆ ಮೂವತ್ತು ಪುಟಗಳು ಕಷ್ಟವೆಂದು, ಆಮೇಲೆ ದಾರಿ ತೆರೆದುಕೊಳ್ಳುತ್ತದೆಂದು ಯಾರೂ ಅವರಿಗೆ ಮೊದಲೇ ಹೇಳಿರುವುದಿಲ್ಲ.

ಗೋಪಾಲಕೃಷ್ಣ ಪೈಯವರ ‘ಸ್ವಪ್ನ ಸಾರಸ್ವತ’ವನ್ನೇ ತೆಗೆದುಕೊಳ್ಳೋಣ. 2009ರಲ್ಲಿ ಬಂದ ಈ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪೋರ್ಚುಗೀಸರ ಕಾಲದಲ್ಲಿ ಗೋವೆಯನ್ನು ಬಿಟ್ಟು ದಕ್ಷಿಣಕ್ಕೆ ಬಂದ, ಕೊಂಕಣಿ ಮಾತಾಡುವ ಸಾರಸ್ವತರ ಹಲವು ತಲೆಮಾರುಗಳ ಕತೆ ಅದರಲ್ಲಿದೆ. ನಾವು ದಿನವೂ ಬಸ್ಸಿನಲ್ಲಿ ಹಾದುಹೋಗುವ ಊರುಗಳು ಅದರೊಳಗೆ ಬೇರೆಯೇ ಕಾಲದಲ್ಲಿ ನಿಂತಿವೆ. ‘ಒಳ್ಳೆಯ ಕಾದಂಬರಿ, ಓದಿ’ ಎಂದು ಇದನ್ನು ಸೂಚಿಸಿದರೆ ಓದುಗರಿಗೆ ಅನ್ಯಾಯ ಮಾಡಿದ ಹಾಗೆ. ಪಾತ್ರಗಳು ಬಹಳ, ಒಂದು ತಲೆಮಾರಿನ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಮುಂದಿನ ತಲೆಮಾರು ಬಂದಿರುತ್ತದೆ. ಹಾಗಾಗಿ ನಾನು ಇದನ್ನು ಕೊಡುವಾಗ ಒಂದು ಬಿಳಿ ಹಾಳೆಯನ್ನೂ ಒಳಗಿಟ್ಟು ಕೊಡುತ್ತೇನೆ, ಓದುತ್ತಾ ಹೋದಂತೆ ವಂಶವೃಕ್ಷವನ್ನು ತಾವೇ ಬರೆದುಕೊಳ್ಳಲಿ ಎಂದು. ಮಳೆಗಾಲದಲ್ಲಿ, ತೋಟದ ಕೆಲಸ ಕಡಿಮೆ ಇರುವಾಗ ಕೈಗೆತ್ತಿಕೊಳ್ಳಿ ಎಂದೂ, ನಡುವೆ ಹತ್ತು ದಿನ ಬಿಟ್ಟರೆ ಎಳೆ ತಪ್ಪುತ್ತದೆ ಎಂದೂ ಹೇಳುತ್ತೇನೆ. ಮನೆಯಲ್ಲಿ ಕೊಂಕಣಿ ಮಾತಾಡುವವರಿಗಿಂತ ಮೊದಲು ನಾನು ಇದನ್ನು ಕೊಡಬಯಸುವುದು ತಮ್ಮ ಹಿರಿಯರು ಅನಾದಿಯಿಂದ ಈ ಮಣ್ಣಿನಲ್ಲೇ ಇದ್ದವರೆಂದು ನಂಬಿರುವ ಇತರರಿಗೆ. ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಎಲ್ಲ ಸಭೆಗಳಲ್ಲೂ ಕೊಂಡಾಡುತ್ತೇವೆ. ಆ ಒಂದೊಂದು ಭಾಷೆಯೂ ಯಾವ ಸಂಕಟ ಹೊತ್ತುಕೊಂಡು ಇಲ್ಲಿಗೆ ತಲಪಿತು ಎಂಬುದು ಇಂಥ ಪುಸ್ತಕದಿಂದ ತಿಳಿಯುತ್ತದೆ.

ಪುಸ್ತಕ ಕೊಡುವ ಕಲೆಯನ್ನು ನಾನು ಕಲಿತದ್ದು ನಮ್ಮ ಗುಂಪಿನ ಮಾಷ್ಟ್ರಿಂದ. ಅವರ ಮನೆಯ ಜಗಲಿಯಲ್ಲಿ ಗೋಡೆಗೆ ತಾಗಿಕೊಂಡು ಒಂದು ಮರದ ಕಪಾಟಿದೆ. ಪುಸ್ತಕಗಳಿಗೆಲ್ಲ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯ ಹೊದಿಕೆ ಹಾಕಿ, ಬೆನ್ನಿನ ಮೇಲೆ ಮಸಿಯಲ್ಲಿ ಹೆಸರು ಬರೆದಿದ್ದಾರೆ. ಪುಸ್ತಕ ಕೇಳಿಕೊಂಡು ಬಂದವರನ್ನು ಅವರು ನೇರ ಕಪಾಟಿನ ಹತ್ತಿರ ಬಿಡುವುದಿಲ್ಲ. ಮೊದಲು ಕುಳ್ಳಿರಿಸುತ್ತಾರೆ. “ಈಗ ಪುರುಸೊತ್ತು ಉಂಟಾ ನಿನಗೆ? ರಾತ್ರಿ ಓದುವುದಾ, ಮಧ್ಯಾಹ್ನವಾ? ಕಳೆದ ಸಲ ಅರ್ಧದಲ್ಲಿ ಬಿಟ್ಟದ್ದು ಯಾವುದು ಮಾರಾಯ, ಅದನ್ನು ಹೇಳು ಮೊದಲು” ಎಂದು ವಿಚಾರಿಸುತ್ತಾರೆ. ಯಾವುದನ್ನು ಮೆಚ್ಚಿದೆವು ಎಂಬುದಕ್ಕಿಂತ ಯಾವುದನ್ನು ಬಿಟ್ಟೆವು ಎಂಬುದರಿಂದ ಓದುಗನ ಸ್ವಭಾವ ತಿಳಿಯುತ್ತದೆ ಎಂಬುದು ಅವರ ಅನುಭವ. ಆಮೇಲೆ ಎದ್ದು, ಒಂದು ಪುಸ್ತಕ ತೆಗೆದು, ಧೂಳು ಒರಸಿ, ಒಳಗೆ ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ ಇಡುತ್ತಾರೆ. ‘ಮುನ್ನುಡಿ ಕೊನೆಗೆ ಓದು’, ‘ನಾಲ್ಕನೇ ಅಧ್ಯಾಯದ ವರೆಗೆ ತಾಳ್ಮೆ ಇರಲಿ’, ‘ಇದನ್ನು ಗಟ್ಟಿಯಾಗಿ ಓದಿದರೆ ಒಳ್ಳೆಯದು’ ಎಂಬಂಥ ಒಂದೊಂದೇ ಸಾಲಿನ ಚೀಟಿಗಳು. ನನ್ನ ಹತ್ತಿರ ಆ ಚೀಟಿಗಳಲ್ಲಿ ಕೆಲವು ಈಗಲೂ ಇವೆ. ಪುಸ್ತಕ ಹಿಂತಿರುಗಿಸುವಾಗಲೂ ಅವರು ‘ಹೇಗಿತ್ತು’ ಎಂದು ಕೇಳುವುದಿಲ್ಲ. ಎಲ್ಲಿ ನಿಂತೆ ಎಂದು ಕೇಳುತ್ತಾರೆ. ಹಾಗೆ ಕೇಳಿದಾಗ ‘ಚೆನ್ನಾಗಿತ್ತು’ ಎಂಬ ಉಪಚಾರದ ಉತ್ತರ ಬಾಯಿಗೆ ಬರುವುದಿಲ್ಲ. ಪುಟವೊಂದನ್ನು ತೆರೆದು ತೋರಿಸಲೇಬೇಕಾಗುತ್ತದೆ.

ಓದಿ ಮುಗಿಸಿದ ಮೇಲೆ ಹೇಳುವುದಕ್ಕಿಂತ ಓದುತ್ತಿರುವಾಗ ಹೇಳುವುದು ಹೆಚ್ಚು ಉಪಕಾರಿ ಎಂದು ನನಗೆ ಮನದಟ್ಟಾದದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಸಂದರ್ಭದಲ್ಲಿ. ಅದನ್ನು ನಮ್ಮಲ್ಲಿ ಹಲವರು ಬಹಳ ಹಿಂದೆಯೇ ಓದಿದ್ದರು. ಓದಿದವರೆಲ್ಲ ‘ಮಹತ್ವದ ಕೃತಿ’ ಎನ್ನುತ್ತಿದ್ದರು. ಆ ಮಾತು ಕೇಳಿ ಹೊಸದಾಗಿ ಯಾರೂ ಅದನ್ನು ಕೈಗೆತ್ತಿಕೊಂಡಿರಲಿಲ್ಲ. ದಾದಿ ಅಕ್ಕ ಮೊದಲ ಬಾರಿಗೆ ಅದನ್ನು ಓದುತ್ತಿದ್ದಾಗ ಒಂದು ಭಾನುವಾರ ಹೀಗೆಂದರು: “ನಾದಿರಾಳನ್ನು ಅಪ್ಪ ಗಂಡನ ಮನೆಯಿಂದ ಕರೆದುಕೊಂಡು ಬಂದಾಯಿತು. ಮುಂದೆ ಏನಾಗುತ್ತದೋ ಎಂದು ಹೆದರಿಕೆಯಾಗುತ್ತದೆ. ರಾತ್ರಿ ಪಾಳಿಯಲ್ಲಿ ಓದಬಾರದು ಎಂದುಕೊಂಡೆ, ಆದರೆ ಪುಸ್ತಕ ಚೀಲದಲ್ಲೇ ಉಂಟು.” ಅಷ್ಟೇ ಮಾತು. ಆ ವಾರ ನಮ್ಮಲ್ಲಿ ಮೂವರು ಪುಸ್ತಕಕ್ಕಾಗಿ ಹುಡುಕಾಡಿದರು. ಮುಗಿಸಿದವರ ಮಾತಿನಲ್ಲಿ ತೀರ್ಪು ಇರುತ್ತದೆ. ನಡುವಿನಲ್ಲಿರುವವರ ಮಾತಿನಲ್ಲಿ ಆತಂಕ, ಅನುಮಾನ, ಮುಂದಿನ ಪುಟದ ಹಂಬಲ ಇರುತ್ತವೆ, ಮತ್ತು ಅವು ಕೇಳುವವರಿಗೆ ತಟ್ಟುತ್ತವೆ. ಕೊನೆ ಗೊತ್ತಿಲ್ಲದವರು ಕೊನೆಯನ್ನು ಮೊದಲೇ ಹೇಳಿಬಿಡುವುದೂ ಸಾಧ್ಯವಿಲ್ಲ.

ಯೋಚಿಸಿ ನೋಡಿದರೆ ಆ ಕಾದಂಬರಿ ಮೊದಲು ಓದುಗರಿಗೆ ಸಿಕ್ಕಿದ್ದೇ ಹಾಗೆ. 1981ರಲ್ಲಿ ಅದು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ವಾರ ವಾರ ಪತ್ರಿಕೆ ಬರುವುದನ್ನು ಕಾಯುತ್ತಾ, ನಾಡಿನ ಓದುಗರೆಲ್ಲ ಒಂದೇ ಕಂತಿನಲ್ಲಿ ನಿಂತಿರುತ್ತಿದ್ದ ಕಾಲ ಅದು. ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ‘ಈ ವಾರದ್ದು ಓದಿದಿರಾ’ ಎಂದು ಕೇಳಿದರೆ ಯಾವ ಪುಟದ ಮಾತು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಧಾರಾವಾಹಿಗಳು ಕಡಿಮೆಯಾದ ಮೇಲೆ ಒಬ್ಬೊಬ್ಬರೂ ಒಂದೊಂದು ಪುಟದಲ್ಲಿ ಒಂಟಿಯಾಗಿ ಉಳಿದೆವು. ಪುಟದ ಸಂಖ್ಯೆ ಹೇಳಿಕೊಂಡು ಓದನ್ನು ಹಂಚಿಕೊಳ್ಳುವುದರಿಂದ ಆ ಹಳೆಯ ಒಡನಾಟದ ಒಂದಂಶವಾದರೂ ಮರಳಿ ಬರುತ್ತದೆ.

ನಿರಂಜನರ ‘ಚಿರಸ್ಮರಣೆ’ಯನ್ನು ನಾನು ಒಂದು ನಿರ್ದಿಷ್ಟ ಕಾರಣಕ್ಕಾಗಿ ಸೂಚಿಸುತ್ತೇನೆ. ಕಾಸರಗೋಡಿನ ಕನ್ನಡಿಗರ ಮನಸ್ಸಿನಲ್ಲಿ ಚಂದ್ರಗಿರಿ ಹೊಳೆ ಒಂದು ಗೆರೆ. ರಾಜ್ಯಗಳ ಗಡಿ ವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿ ಹೊಳೆಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿದ ಮೇಲೆ ಆ ಗೆರೆ ಇನ್ನಷ್ಟು ಗಟ್ಟಿಯಾಯಿತು. ಗೆರೆಯ ಆಚೆಗಿನದು ನಮ್ಮದಲ್ಲವೆಂಬ ಭಾವನೆಯೂ ಅದರ ಬೆನ್ನಿಗೇ ಬೆಳೆಯಿತು. ‘ಚಿರಸ್ಮರಣೆ’ ನಡೆಯುವುದು ಚಂದ್ರಗಿರಿಯ ಆಚೆ, ತೇಜಸ್ವಿನಿ ಹೊಳೆಯ ದಡದ ಕಯ್ಯೂರಿನಲ್ಲಿ. 1941ರಲ್ಲಿ ಅಲ್ಲಿನ ರೈತರು ಜಮೀನ್ದಾರರ ಮತ್ತು ಪೊಲೀಸರ ವಿರುದ್ಧ ಎದ್ದು ನಿಂತರು. ಅವರ ಪೈಕಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ನೀಲೇಶ್ವರದ ರಾಜಾಸ್ ಹೈಸ್ಕೂಲಿನಲ್ಲಿ ಓದಿದ್ದ ನಿರಂಜನರು ಮಲಯಾಳ ಮಾತಾಡುವ ಆ ರೈತರ ಕತೆಯನ್ನು ಕನ್ನಡದಲ್ಲಿ ಬರೆದರು. 1955ರಲ್ಲಿ ಪ್ರಕಟವಾದ ಈ ಕಾದಂಬರಿ ಮಲಯಾಳಕ್ಕೂ ಹೋಯಿತು. ಇದನ್ನು ನಾನು ಮೊದಲು ಕೊಡುವುದು ಗಡಿಯ ವಿಚಾರದಲ್ಲಿ ಬಿಸಿ ಬಿಸಿಯಾಗಿ ಮಾತಾಡುವ ತರುಣರಿಗೆ. ಅವರ ಭಾಷಾಭಿಮಾನವನ್ನು ಕುಗ್ಗಿಸುವ ಉದ್ದೇಶ ನನಗಿಲ್ಲ, ಆ ಅಭಿಮಾನ ನನಗೂ ಇದೆ. ಹೊಳೆಯ ಆಚೆಯವರ ದುಃಖವನ್ನೂ ನಮ್ಮ ಭಾಷೆ ತನ್ನದೆಂದು ಬರೆದುಕೊಂಡಿದೆ ಎಂಬ ಹೆಮ್ಮೆ ಅದರೊಂದಿಗೆ ಸೇರಲಿ ಎಂದು ಕೊಡುತ್ತೇನೆ. ಓದಿದ ಮೇಲೆ ಸಾಧ್ಯವಾದರೆ ಒಮ್ಮೆ ಕಯ್ಯೂರಿಗೆ ಹೋಗಿ ಬನ್ನಿ ಎಂದೂ ಹೇಳುತ್ತೇನೆ. ಕಾದಂಬರಿಯ ನೆಲವನ್ನು ಬಸ್ ಹಿಡಿದು ಹೋಗಿ ನೋಡಿ ಬರುವ ಭಾಗ್ಯ ಎಲ್ಲ ಓದುಗರಿಗೂ ಸಿಗುವುದಿಲ್ಲ.

ಕವಿತೆಯನ್ನು ಸೂಚಿಸುವುದು ಎಲ್ಲಕ್ಕಿಂತ ಕಷ್ಟ. 2023ರ ಜನವರಿಯಲ್ಲಿ ಸಾರಾ ಅಬೂಬಕ್ಕರ್ ತೀರಿಕೊಂಡರು. ಅದೇ ತಿಂಗಳ ಕೊನೆಗೆ ಹೈದರಾಬಾದಿನಲ್ಲಿ ಕವಿ ಕೆ.ವಿ. ತಿರುಮಲೇಶರೂ ಹೋದರು. ಕಾರಡ್ಕದಲ್ಲಿ ಹುಟ್ಟಿದ ತಿರುಮಲೇಶರು ನಮಗೆಲ್ಲ ಊರಿನವರು. ಆದರೂ ಅವರ ಹೆಸರನ್ನು ಕೇಳಿದವರಲ್ಲಿ ಹಲವರು ಅವರ ಕವಿತೆ ಓದಿರಲಿಲ್ಲ. ಎಲ್ಲಿಂದ ಶುರು ಮಾಡುವುದು ಎಂದು ಆಗ ಅನೇಕರು ಕೇಳಿದರು. 2015ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ‘ಅಕ್ಷಯ ಕಾವ್ಯ’ದ ಹೆಸರನ್ನು ಹೇಳುವುದು ಸುಲಭವಿತ್ತು. ಅದು ಕತೆಯ ಹಂಗಿಲ್ಲದ ಬಹಳ ದೀರ್ಘವಾದ ಕಾವ್ಯ. ಹೊಸಬರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹಟ ಹಿಡಿದು ಓದಲು ಹೊರಟರೆ ದಣಿಯುತ್ತಾರೆ. ಮಾಷ್ಟ್ರು ಬೇರೆ ದಾರಿ ಹಿಡಿದರು. ದಿನಕ್ಕೊಂದು ತುಣುಕನ್ನು ತಾವೇ ಗಟ್ಟಿಯಾಗಿ ಓದಿ, ಧ್ವನಿ ಸಂದೇಶವಾಗಿ ಕಳಿಸಿದರು. ಅರ್ಥವನ್ನು ವಿವರಿಸಲಿಲ್ಲ. ಹಿನ್ನೆಲೆಯಲ್ಲಿ ಒಮ್ಮೆ ಕೋಳಿ ಕೂಗಿದ್ದು, ಒಮ್ಮೆ ಮಳೆ ಸುರಿದದ್ದು ಸಹ ಅದರಲ್ಲಿ ಸೇರಿಕೊಂಡಿತ್ತು. ಕೇಳಿದವರಲ್ಲಿ ಕೆಲವರು ಪುಸ್ತಕ ತರಿಸಿಕೊಂಡರು. ಕವನ ಸಂಕಲನವನ್ನು ಸೂಚಿಸಬಾರದು, ಒಂದು ಕವಿತೆಯನ್ನು ಓದಿ ಹೇಳಬೇಕು ಎಂಬುದು ಅಂದಿನಿಂದ ನನ್ನ ದೃಢವಾದ ಅಭಿಪ್ರಾಯ.

ಹೆಸರು ತಿಳಿದ ಮೇಲೆ ಪುಸ್ತಕ ಬರಬೇಕಲ್ಲ, ಅದೂ ಈಗ ಮೊದಲಿಗಿಂತ ತ್ರಾಸದಾಯಕವಾಗಿದೆ. ಮಂಗಳೂರಿನ ‘ಅತ್ರಿ ಬುಕ್ ಸೆಂಟರ್’ 2012ರಲ್ಲಿ ಮುಚ್ಚುವವರೆಗೆ, ನಮ್ಮ ಕಡೆಯಿಂದ ಮಂಗಳೂರಿಗೆ ಹೋದವರ ಚೀಲದಲ್ಲಿ ನೆರೆಕರೆಯವರ ಪುಸ್ತಕದ ಚೀಟಿಯೂ ಇರುತ್ತಿತ್ತು. ಮುದ್ರಿತ ಪುಸ್ತಕಗಳನ್ನು ಕಡಿಮೆ ದರದಲ್ಲಿ ಸಾಗಿಸುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯೂ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಐದು ಕಿಲೋ ಪುಸ್ತಕ ನೂರು ರೂಪಾಯಿಯ ಒಳಗೆ ಬರುತ್ತಿದ್ದುದು ಸಣ್ಣ ಪ್ರಕಾಶಕರಿಗೂ ದೂರದ ಓದುಗರಿಗೂ ದೊಡ್ಡ ಆಧಾರವಾಗಿತ್ತು. ಅದು ನಿಂತ ಮೇಲೆ ನೂರೈವತ್ತು ರೂಪಾಯಿಯ ಪುಸ್ತಕ ತರಿಸುವಾಗ ಸಾಗಣೆಯ ಖರ್ಚನ್ನೂ ಲೆಕ್ಕ ಹಾಕಬೇಕಾಯಿತು. ಆದ್ದರಿಂದ ಒಂದು ಪ್ರತಿ ತರಿಸಿ ಐದಾರು ಮನೆಗಳಲ್ಲಿ ಓದುವುದು ನಮ್ಮಲ್ಲಿ ರೂಢಿಯಾಗುತ್ತಿದೆ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ, ಮನೆಯಲ್ಲಿರುವ ಪುಸ್ತಕಗಳ ಹೆಸರನ್ನು ಪ್ರತಿಯೊಬ್ಬರೂ ಬರೆದು ಹಂಚಿಕೊಂಡೆವು. ನಡೆದು ಹೋಗುವಷ್ಟು ದೂರದಲ್ಲಿ ಎಷ್ಟು ಒಳ್ಳೆಯ ಪುಸ್ತಕಗಳಿದ್ದವು ಎಂಬುದು ಆಗ ತಿಳಿಯಿತು.

ಕೇರಳದಲ್ಲಿರುವುದರಿಂದ ನಮಗೆ ಒದಗಿರುವ ಒಂದು ದೊಡ್ಡ ಲಾಭವನ್ನು ಇಲ್ಲಿ ಮರೆಯಬಾರದು. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ನಲವತ್ತೇಳು ಗ್ರಾಮೀಣ ಗ್ರಂಥಾಲಯಗಳನ್ನು ಒಗ್ಗೂಡಿಸಿ ಆರಂಭಿಸಿದ ಚಳವಳಿಯಿಂದಾಗಿ ಈ ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ಗ್ರಂಥಾಲಯಗಳು ಬೆಳೆದವು. ಅವರು ತೀರಿಕೊಂಡ ಜೂನ್ 19ನ್ನು ಕನ್ನಡ ಮಾಧ್ಯಮ ಶಾಲೆಗಳಲ್ಲೂ ವಾಚನಾ ದಿನವೆಂದು ಆಚರಿಸುತ್ತಾರೆ. ನಮ್ಮೂರಿನ ಗ್ರಂಥಾಲಯದಲ್ಲಿಯೂ ಕನ್ನಡದ ಕಪಾಟೊಂದಿದೆ. ಆದರೆ ಕಪಾಟಿನ ಪುಸ್ತಕಕ್ಕೂ ಯಾರಾದರೂ ಬಾಯಿ ಕೊಡಬೇಕು. ಒಂದು ವರ್ಷ ವಾಚನಾ ದಿನದಂದು ಮಕ್ಕಳೆದುರು ಮಾತಾಡುವ ಅವಕಾಶ ಸಿಕ್ಕಿದಾಗ, ಓದಿನ ಮಹಿಮೆಯ ಭಾಷಣವನ್ನು ಬಿಟ್ಟು ಮಲಯಾಳದ ಲೇಖಕ ವೈಕಂ ಮುಹಮ್ಮದ್ ಬಷೀರರ ‘ಪಾತುಮ್ಮನ ಆಡು’ ಕತೆಯನ್ನು ಹೇಳಿದೆ. ಅದರಲ್ಲಿ ಆ ಆಡು ಸ್ವತಃ ಬಷೀರರು ಬರೆದ ಪುಸ್ತಕಗಳನ್ನೇ ತಿಂದುಬಿಡುತ್ತದೆ ಎಂದು ಹೇಳಿದ ಕೂಡಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು “ಹೌದಾ ಟೀಚರ್? ಎಲ್ಲವನ್ನೂ ತಿಂದಿತಾ?” ಎಂದು ಕೇಳಿದಳು. ಕನ್ನಡ ಅನುವಾದವನ್ನು ಅಂದೇ ಅವಳಿಗೆ ಕೊಟ್ಟೆವು. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಇರುವ ಇಂಥ ಮಕ್ಕಳಿಗೆ ಅನುವಾದಗಳು ಬಹಳ ಹತ್ತಿರದವು. ಅವರ ಮನೆಯ ಗದ್ದಲ ಅವರ ಶಾಲೆಯ ಭಾಷೆಯಲ್ಲಿ ಕೇಳಿಸುತ್ತದೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಗಡಿನಾಡಿನಲ್ಲಿ ಕನ್ನಡ ಪುಸ್ತಕ ಪ್ರಕಟವಾಗುವುದೇ ಒಂದು ಸಾಹಸವಾಗಿರುವುದರಿಂದ, ಊರಿನವರು ಬರೆದದ್ದನ್ನೆಲ್ಲ ಹೊಗಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಬಿಡುಗಡೆಯ ದಿನ ಹೊಗಳಿಕೆ ಸಹಜ, ಅದಕ್ಕೆ ಆಕ್ಷೇಪವಿಲ್ಲ. ಆದರೆ ಮೆಚ್ಚದ ಪುಸ್ತಕವನ್ನು ಸೌಜನ್ಯಕ್ಕಾಗಿ ಇನ್ನೊಬ್ಬರಿಗೆ ಸೂಚಿಸಿದರೆ, ಅವರು ನಮ್ಮ ಮಾತು ನಂಬಿ ಓದಿ ನಿರಾಶರಾಗುತ್ತಾರೆ. ನಾಳೆ ನಾವು ನಿಜವಾಗಿ ಒಳ್ಳೆಯದೊಂದನ್ನು ಹೇಳಿದಾಗ ನಂಬುವುದಿಲ್ಲ. ಅಂಗಡಿಯೂ ಇಲ್ಲದ, ವಿಮರ್ಶೆಯ ಪುಟಗಳೂ ತಲಪದ ಊರಿನಲ್ಲಿ ಓದುಗರ ನಡುವಿನ ನಂಬಿಕೆಯೊಂದೇ ಬಂಡವಾಳ, ಅದನ್ನು ಉಪಚಾರಕ್ಕೆ ಖರ್ಚು ಮಾಡಬಾರದು. ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನೂ ಏಕೆ ಬಿಟ್ಟೆವೆಂಬ ಕಾರಣದ ಜೊತೆಗೆ ಹೇಳುವುದು ಒಳ್ಳೆಯದು. ನಾನು ಬಿಟ್ಟ ಪುಸ್ತಕವೇ ಇನ್ನೊಬ್ಬರಿಗೆ ಬೇಕಾಗಿದ್ದ ಪುಸ್ತಕವಾಗಿರಬಹುದು. ಕಾರಣ ತಿಳಿದರೆ ಅವರೇ ನಿರ್ಧರಿಸುತ್ತಾರೆ.

ಸದ್ಯ ನಾನು ಓದುತ್ತಿರುವುದು ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥೆ ‘ದುಡಿತವೇ ನನ್ನ ದೇವರು’. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ, ನೂರು ವರ್ಷ ಬಾಳಿದ ಕವಿ ಅವರು. ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಬರೆದ ಕವಿತೆ ಇಲ್ಲಿನ ಸಭೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆ ಹೋರಾಟದ ದನಿಯೇ ಅವರ ಪೂರ್ತಿ ವ್ಯಕ್ತಿತ್ವವೆಂದು ನಮ್ಮ ತಲೆಮಾರು ತಿಳಿದಿದೆ. ಪೆರಡಾಲದ ಮಣ್ಣಿನಲ್ಲಿ ಬೆವರು ಸುರಿಸಿದ ಕೃಷಿಕರನ್ನು, ತರಗತಿಯಲ್ಲಿ ನಿಂತ ಅಧ್ಯಾಪಕರನ್ನು ಕಾಣಬೇಕಾದರೆ ಆತ್ಮಕಥೆಯನ್ನೇ ಓದಬೇಕು. ನಾನಿನ್ನೂ ಅರ್ಧದ ಹತ್ತಿರ ಇದ್ದೇನೆ, ನಿಧಾನವಾಗಿ ಓದುತ್ತಿದ್ದೇನೆ. ಮುಗಿದ ಮೇಲೆ ನಮ್ಮ ಗುಂಪಿನ ಅಡಿಕೆ ಕೃಷಿಕರಲ್ಲಿ ಒಬ್ಬರಿಗೆ ಕೊಡಬೇಕೆಂದಿದ್ದೇನೆ. ಅವರಿಗೆ ಮೊದಲಿನಿಂದ ಓದಿ ಎಂದು ಹೇಳುವುದಿಲ್ಲ, ಬೇಸಾಯದ ವಿಷಯ ಬರುವ ಪುಟಗಳಿಗೆ ಗುರುತಿಟ್ಟು ಕೊಡುತ್ತೇನೆ.

ಇದೇ ಹೊತ್ತಿಗೆ ನನಗೆ ಒಂದು ಪುಸ್ತಕದ ಸಲಹೆ ಬೇಕಾಗಿದೆ. ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ಸಮೀಪಿಸಿದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಮತ್ತೆ ಓದುವ ಆಸೆ ಹುಟ್ಟಿದೆ. ಬಾಲ್ಯದಲ್ಲಿ ಐದನೆಯ ತರಗತಿಯವರೆಗೆ ಕನ್ನಡ ಓದಿದ್ದಾರೆ. ತಾಳಮದ್ದಳೆ ಕೇಳಿ ಬೆಳೆದವರಾದ್ದರಿಂದ ಪುರಾಣದ ಕತೆಗಳೆಲ್ಲ ಅವರಿಗೆ ಬಾಯಿಪಾಠ, ಈಗ ಅವು ಬೇಡ ಎನ್ನುತ್ತಾರೆ. “ನಮ್ಮಂಥ ಹೆಂಗಸರ ಕತೆ ಉಂಟಾದರೆ ಕೊಡು” ಎಂದಿದ್ದಾರೆ. ಅಕ್ಷರ ದೊಡ್ಡದಿರಬೇಕು, ಅಧ್ಯಾಯಗಳು ಚಿಕ್ಕದಿರಬೇಕು, ಮಲಗಿ ಓದುವವರ ಕೈಗೆ ಭಾರವಾಗಬಾರದು. ಇಂಥದೊಂದನ್ನು ತಮ್ಮ ಮನೆಯ ಹಿರಿಯರಿಗೆ ಕೊಟ್ಟು, ಅವರು ಅದನ್ನು ಓದಿದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ; ಮುಂದಿನ ವಾರ ಮಂಗಳೂರಿಗೆ ಹೋಗುವವರಿದ್ದಾರೆ, ಅವರ ಕೈಯಲ್ಲಿ ತರಿಸುತ್ತೇನೆ.